ಜಿಮ್‌ಗೆ ಸೇರಿ ಆರು ವಾರ ಆಯಿತು, ತಕ್ಕಡಿ ಅಲ್ಲಾಡಿಲ್ಲ

ತೋಟದಮನೆ · ಜುಲೈ 5, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರದವನು. ವಯಸ್ಸು 46, ಎತ್ತರ 170 ಸೆಂ.ಮೀ., ತೂಕ 86 ಕೆಜಿ. ಕಾಲೇಜಿನಲ್ಲಿ ಹಾಕಿ ಆಡುತ್ತಿದ್ದೆ, ಈಗ ಆಡುವವರಿಗೆ ಚಪ್ಪಾಳೆ ತಟ್ಟುತ್ತೇನೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ನಮ್ಮ ಕಡೆ ಈ ಮಾದರಿಯವರು ಎಷ್ಟು ಜನ ಇದ್ದಾರೆ ಅಂತ ಯಾವುದಾದರೂ ಮದುವೆ ಮನೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಹೋದ ವರ್ಷ ರಾತ್ರಿ ಊಟ ಬಿಟ್ಟು, ದಿನಾ ಒಂದು ಗಂಟೆ ನಡೆದು, 3 ತಿಂಗಳಲ್ಲಿ 7 ಕೆಜಿ ಇಳಿಸಿದ್ದೆ. ಸಿಕ್ಕಿದವರೆಲ್ಲ "ಏನು, ಹುಷಾರಿಲ್ವಾ?" ಅಂತ ಕೇಳುತ್ತಿದ್ದರು. ಮುಖ ಒಣಗಿತ್ತು, ಹೊಟ್ಟೆ ಹಾಗೇ ಇತ್ತು. ಆಮೇಲೆ ಮಳೆ ಹಿಡಿಯಿತು, ವಾಕಿಂಗ್ ನಿಂತಿತು. ಮಳೆ ಬಿಟ್ಟ ಮೇಲೆ ನಮ್ಮ ರಸ್ತೆಯಲ್ಲಿ ಆನೆ. ಬೆಳಗ್ಗೆ 6 ಗಂಟೆಯ ಮಂಜಿನಲ್ಲಿ ಎದುರಿಗೆ ಇರುವುದು ಸಿಲ್ವರ್ ಮರವೋ ಆನೆಯ ಕಾಲೋ ತಿಳಿಯುವುದಿಲ್ಲ. ದೀಪಾವಳಿ ಹೊತ್ತಿಗೆ 7 ಕೆಜಿ ವಾಪಸ್ ಬಂತು, ಜೊತೆಗೆ ಇನ್ನೆರಡನ್ನು ಕರೆದುಕೊಂಡು.

ಈ ಸಲ ಮೇ ಕೊನೆಗೆ ಕುಶಾಲನಗರದ ಒಂದು ಜಿಮ್‌ಗೆ ಸೇರಿದೆ. ವಾರಕ್ಕೆ 3 ದಿನ ಭಾರ ಎತ್ತುವುದು, ಅಷ್ಟೇ. ರಾತ್ರಿ ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಸಿದ್ದೇನೆ. ಆರು ವಾರ ಆಯಿತು. ಗೋಡೌನಿನಲ್ಲಿ ಕಾಫಿ ತೂಗುವ ತಕ್ಕಡಿಯ ಮೇಲೆ ನಿಂತರೆ ಅದೇ 86. "ಕೊಬ್ಬು ಕರಗಬೇಕಾದರೆ ಓಡಬೇಕು, ಭಾರ ಎತ್ತಿದರೆ ಇನ್ನೂ ದಪ್ಪ ಆಗುತ್ತೀಯ" ಅಂತ ಭಾವ ಹೇಳುತ್ತಾರೆ. ನಿಜವಾ? ದುಡ್ಡು ದಂಡ ಮಾಡುತ್ತಿದ್ದೇನಾ?

ಏಲಕ್ಕಿಮಲೆ · ಜುಲೈ 5, ರಾತ್ರಿ 10:15

ಭಾವ ಹೇಳಿದ್ದು ಸರಿ ಅಂತ ನನಗೂ ಅನಿಸುತ್ತದೆ. ಓಡಿದರೆ ಬನಿಯನ್ ಹಿಂಡುವಷ್ಟು ಬೆವರು ಬರುತ್ತದೆ. ಭಾರ ಎತ್ತುವವರು ಅರ್ಧ ಹೊತ್ತು ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಕೂತರೆ ಕೊಬ್ಬು ಎಲ್ಲಿಂದ ಕರಗುತ್ತದೆ?

ಹಳೇಫೌಜಿ · ಜುಲೈ 6, ಬೆಳಗ್ಗೆ 5:30

ಬೆವರು ಅಂದರೆ ನೀರು. ಒಂದು ಚೊಂಬು ನೀರು ಕುಡಿದರೆ ವಾಪಸ್. 22 ವರ್ಷ ಸೇನೆಯಲ್ಲಿ ಓಡಿದವನು ನಾನು. ನಿವೃತ್ತಿಯಾಗಿ ಪೊನ್ನಂಪೇಟೆಗೆ ಬಂದ ಮೇಲೂ ದಿನಾ 5 ಕಿ.ಮೀ. ಓಡಿದೆ. ಓಟದಲ್ಲಿ ಇಳಿದದ್ದು ಸಂಜೆ ಮಿಲಿಟರಿ ಕ್ಯಾಂಟೀನಿನ ಮದ್ಯದ ಬಾಟಲಿಯಲ್ಲಿ ಏರುತ್ತಿತ್ತು. ಮೂರು ವರ್ಷದಲ್ಲಿ ನನಗೂ ಹೊಟ್ಟೆ ಬಂತು. ಓಟ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಓಡುತ್ತಿದ್ದೇನೆ ಅನ್ನುವ ಧೈರ್ಯದಲ್ಲಿ ತಿನ್ನುವುದು ಕೆಟ್ಟದ್ದು.

ಮಡಿಕೇರಿಫಿಸಿಯೋ · ಜುಲೈ 6, ಮಧ್ಯಾಹ್ನ 2:10

ತೋಟದಮನೆಯವರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹೋದ ವರ್ಷ 7 ಕೆಜಿ ಇಳಿಯಿತು, ಆದರೆ ಮುಖ ಒಣಗಿತು, ಹೊಟ್ಟೆ ಉಳಿಯಿತು ಅಂದಿರಿ. ಆ ಏಳರಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು? ಊಟ ಕಡಿಮೆಯಾದಾಗ ದೇಹ ಕೊಬ್ಬನ್ನು ಬಳಸುತ್ತದೆ, ಕೆಲಸವಿಲ್ಲದೆ ಕೂತ ಖಂಡವನ್ನೂ ಬಳಸುತ್ತದೆ. ಭಾರ ಎತ್ತುತ್ತಿದ್ದರೆ "ಇದು ಬೇಕು, ಇದಕ್ಕೆ ಕೈ ಹಾಕಬೇಡ" ಅಂತ ಹೇಳಿದ ಹಾಗೆ. ಆಗ ಇಳಿಯುವುದರಲ್ಲಿ ಹೆಚ್ಚಿನ ಪಾಲು ಕೊಬ್ಬೇ ಆಗಿರುತ್ತದೆ.

ಆದರೆ ಭಾರ ಎತ್ತಿದ್ದರಿಂದಲೇ ಕೊಬ್ಬು ಸುಟ್ಟುಹೋಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ತೂಕದವರು ಮುಕ್ಕಾಲು ಗಂಟೆ ಎತ್ತಿದರೆ ಖರ್ಚಾಗುವುದು ಸುಮಾರು 200ರಿಂದ 250 ಕ್ಯಾಲೊರಿ. 60 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 140 ಇರುತ್ತದೆ. ಎರಡು ಹಾಕಿದರೆ ಜಿಮ್ ಲೆಕ್ಕ ಚುಕ್ತಾ, ನೆಂಚಿಕೊಂಡ ಕರಿದದ್ದು ಬೇರೆ. "ಖಂಡ ಬೆಳೆಸಿಕೋ, ಮಲಗಿದ್ದರೂ ಕೊಬ್ಬು ಉರಿಯುತ್ತದೆ" ಅಂತ ಜಿಮ್‌ಗಳಲ್ಲಿ ಹೇಳುತ್ತಾರಲ್ಲ, ಅದನ್ನು ಊದಿ ದೊಡ್ಡದು ಮಾಡಿದ್ದಾರೆ. ಒಂದು ಕೆಜಿ ಖಂಡ ಸುಮ್ನೆ ಇದ್ದಾಗ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ. ಒಂದು ಚಮಚ ಸಕ್ಕರೆಯಷ್ಟೂ ಆಗಲಿಲ್ಲ.

ಲೆಕ್ಕ ನಡೆಯುವುದು ತಟ್ಟೆಯಲ್ಲಿ. ಒಂದು ಕೆಜಿ ದೇಹದ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 400 ಕಡಿಮೆಯಾದರೆ ಒಂದು ಕೆಜಿಗೆ 20 ದಿನ ಹಿಡಿಯುತ್ತದೆ. ನಿಧಾನ ಅನಿಸುತ್ತದೆ, ಆದರೂ ಬಿಡಬೇಡಿ. ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಅಂತ ನನ್ನ ಪೇಷಂಟ್‌ಗಳನ್ನು ಕೇಳುತ್ತಿರುತ್ತೇನೆ. ಬೆವರು, ಮೂತ್ರ, ಶಾಖ ಅಂತ ಹೇಳುತ್ತಾರೆ. 2014ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಆಸ್ಟ್ರೇಲಿಯಾದವರು ಇದರ ಲೆಕ್ಕ ಹಾಕಿ ಬರೆದರು. 10 ಕೆಜಿ ಕೊಬ್ಬು ಹೋದರೆ 8.4 ಕೆಜಿ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ, 1.6 ಕೆಜಿ ನೀರಾಗಿ. ಹಾಗಂತ ಜೋರಾಗಿ ಉಸಿರಾಡುತ್ತಾ ಕೂರಬೇಡಿ, ತಲೆ ಸುತ್ತುತ್ತದೆ.

ತಕ್ಕಡಿಯ ವಿಷಯ. ಹೊಸದಾಗಿ ಎತ್ತಲು ಶುರು ಮಾಡಿದವರ ಖಂಡ ನೀರು ಹಿಡಿದುಕೊಳ್ಳುತ್ತದೆ, ಸ್ವಲ್ಪ ಬೆಳೆಯುತ್ತದೆ ಕೂಡ. ಆ ಕಡೆ ಕೊಬ್ಬು ಇಳಿದಿದ್ದರೂ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ತಕ್ಕಡಿಗೆ ಕಾಫಿ ಹಣ್ಣೂ ಒಂದೇ, ಕಲ್ಲೂ ಒಂದೇ. ಟೈಲರ್ ಟೇಪ್ ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯ, ಉಸಿರು ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ನನಗೆ ಮೋಸ ಮಾಡಿ ನಿಮಗೇನು ಸಿಗುತ್ತದೆ? ಪ್ಯಾಂಟಿನ ಸೈಜ್ ನಂಬಬೇಡಿ, ಗಂಡಸರ ಪ್ಯಾಂಟ್ ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹುಷಾರಾಗಬೇಕು.

ಬಿಪಿ, ಸಕ್ಕರೆ, ಎದೆನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ. ಎತ್ತುವಾಗ ಉಸಿರು ಕಟ್ಟಿ ಹಿಡಿಯಬೇಡಿ.

ತೋಟದಮನೆ · ಜುಲೈ 6, ರಾತ್ರಿ 8:55

ಡಾಕ್ಟ್ರೇ, ಟೇಪ್ ಹಿಡಿದೆ. 98. ಮೊದಲು ಎಷ್ಟಿತ್ತು ಅಂತ ಅಳೆದೇ ಇರಲಿಲ್ಲ. ಈ 98 ಇಟ್ಟುಕೊಂಡು ಏನು ಮಾಡಲಿ ಅಂತ ಮಂಚದ ಮೇಲೆ ಕೂತೆ.

ಆಗ ಕೈಯಲ್ಲಿದ್ದ ಬೆಲ್ಟ್ ನೋಡಿದೆ. ಎರಡು ವರ್ಷದಿಂದ ಇದೊಂದೇ ಬೆಲ್ಟ್. ತುದಿಯಿಂದ ಎರಡನೇ ತೂತಿನ ಹತ್ತಿರ ಬಕಲ್ ಒತ್ತಿ ಒತ್ತಿ ಚರ್ಮ ಮಡಚಿ ಬಿಳಿ ಗೆರೆ ಬಿದ್ದಿದೆ. ಆ ತೂತು ಎಳೆದು ಎಳೆದು ಕೋಳಿಮೊಟ್ಟೆ ಆಕಾರಕ್ಕೆ ಬಂದಿದೆ. ಈಗ ಹಾಕುತ್ತಿರುವುದು ಅದರ ಒಳಗಿನ ತೂತಿಗೆ. ಅದಿನ್ನೂ ದುಂಡಗೆ ಇದೆ, ಗೆರೆ ಈಗಷ್ಟೇ ಮೂಡುತ್ತಿದೆ. ಯಾವತ್ತು ಬದಲಾಯಿಸಿದೆನೋ ನನಗೇ ನೆನಪಿಲ್ಲ. ಎರಡು ತೂತಿನ ನಡುವೆ ಟೇಪ್ ಇಟ್ಟರೆ ಎರಡೂವರೆ ಸೆಂ.ಮೀ.

ಬೆಲ್ಟ್ ಹೊಟ್ಟೆಯ ಕೆಳಗೆ ಇರುತ್ತದೆ ಅಂತ ಹೇಳಬೇಡಿ. ಇವತ್ತು ಖುಷಿಯಲ್ಲಿದ್ದೇನೆ.

ಮಡಿಕೇರಿಫಿಸಿಯೋ · ಜುಲೈ 6, ರಾತ್ರಿ 9:20

ಹೇಳುವುದಿಲ್ಲ. ತೂತಿನ ಲೆಕ್ಕ ನನಗೂ ಆಗುತ್ತದೆ. ಇನ್ನು ಮುಂದೆ 15 ದಿನಕ್ಕೊಮ್ಮೆ ಟೇಪ್, ಬೆಳಗ್ಗೆ ಬರೀ ಹೊಟ್ಟೆಯಲ್ಲಿ.

ರೈಟರ್61 · ಜುಲೈ 7, ಸಂಜೆ 6:05

ನನ್ನದೊಂದು ಸಂಶಯ. ನಾನು ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಕೊಯ್ಲಿನ ಕಾಲದಲ್ಲಿ 50 ಕೆಜಿ ಮೂಟೆ ಲಾರಿಗೆ ತುಂಬುವವರನ್ನು 30 ವರ್ಷ ನೋಡಿದ್ದೇನೆ. ಅವರೆಲ್ಲ ಕಡ್ಡಿ ಹಾಗೆ ಇದ್ದರು. ಭಾರ ಎತ್ತಿದರೆ ಖಂಡ ಬೆಳೆಯುವುದಾದರೆ ಅವರು ಪೈಲ್ವಾನರ ಹಾಗೆ ಇರಬೇಕಿತ್ತಲ್ಲ? ಜೀಪಿನಲ್ಲಿ ಕೂತವರಿಗೆ ಜಿಮ್ ಬೇಕು, ಮೂಟೆ ಹೊರುವವರಿಗೆ ಊಟ ಬೇಕು. ತಪ್ಪಾಗಿ ತಿಳಿಯಬೇಡಿ.

ಮಡಿಕೇರಿಫಿಸಿಯೋ · ಜುಲೈ 7, ರಾತ್ರಿ 8:30

ತಪ್ಪು ತಿಳಿಯುವುದೇನಿದೆ, ಉತ್ತರ ನೀವೇ ಹೇಳಿದ್ದೀರಿ. ಊಟ ಸಾಲದೆ ಖಂಡ ಬೆಳೆಯುವುದಿಲ್ಲ. ಇನ್ನೊಂದು, ಮೂಟೆ ಯಾವತ್ತೂ 50 ಕೆಜಿಯೇ. ಶುರುವಿನಲ್ಲಿ ದೇಹ ಅದಕ್ಕೆ ಬೇಕಾದಷ್ಟು ಗಟ್ಟಿಯಾಗಿ ಅಲ್ಲಿಗೆ ನಿಲ್ಲುತ್ತದೆ. ವ್ಯಾಯಾಮದಲ್ಲಿ ಭಾರವನ್ನು ನಿಧಾನಕ್ಕೆ ಏರಿಸುತ್ತಾ ಹೋಗುತ್ತೇವೆ, ನಡುವೆ ಒಂದು ದಿನ ಬಿಡುವು ಕೊಡುತ್ತೇವೆ. ಲಾರಿ ಬಿಡುವು ಕೊಡುತ್ತದಾ?

ವಿರಾಜಪೇಟೆಆಂಟಿ · ಜುಲೈ 9, ಮಧ್ಯಾಹ್ನ 12:40

ಇಲ್ಲಿ ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ, ನಾನೂ ಸ್ವಲ್ಪ ಬರೆಯುತ್ತೇನೆ. ನನಗೆ 52. ಮುಟ್ಟು ನಿಂತ ಮೇಲೆ ತಿಂದರೂ ತಿನ್ನದಿದ್ದರೂ ಹೊಟ್ಟೆ ಸುತ್ತ ಟಯರ್. ಮಗಳ ಒತ್ತಾಯಕ್ಕೆ ಒಂದು ಜಿಮ್‌ಗೆ ಹೋದೆ. ಯಾವ ಊರು, ಯಾವ ಜಿಮ್ ಅಂತ ಬೇಡ. ಮೊದಲನೇ ದಿನವೇ ಅಲ್ಲಿನ ಹುಡುಗ ಹೆಗಲ ಮೇಲೆ ಕಬ್ಬಿಣದ ರಾಡ್ ಇಟ್ಟು "ಕೂರಿ ಆಂಟಿ, ಏಳಿ ಆಂಟಿ" ಅಂದ. ಕೂತೆ. ಏಳಲು ಆಗಲಿಲ್ಲ. ಮೂರು ವಾರ ಸೊಂಟಕ್ಕೆ ಬಿಸಿನೀರಿನ ಚೀಲ.

ಆಮೇಲೆ ಮನೆಯಲ್ಲೇ ಶುರು ಮಾಡಿದೆ. ಊಟದ ಕುರ್ಚಿಯ ಮುಂದೆ ನಿಂತು, ಕೈ ಮುಂದೆ ಚಾಚಿ, ಹಿಂಭಾಗ ಕುರ್ಚಿಗೆ ತಾಗುವವರೆಗೆ ಕೆಳಗಿಳಿದು ಎದ್ದು ನಿಲ್ಲುವುದು. 8 ಸಲ, ಎರಡು ಸುತ್ತು. ಎರಡು ವಾರ ಬರೀ ಅದೇ. ಆಮೇಲೆ ಎದೆಗೆ ಎರಡು ಕೆಜಿ ಅಕ್ಕಿ ಪ್ಯಾಕೆಟ್ ಅಪ್ಪಿಕೊಂಡು. ಈಗ 10 ಕೆಜಿ ಅಕ್ಕಿ ಚೀಲ ಅಪ್ಪಿಕೊಂಡು 12 ಸಲ ಏಳುತ್ತೇನೆ. ಒಂದೂವರೆ ವರ್ಷ ಹಿಡಿಯಿತು. ಮೆಟ್ಟಿಲು ಹತ್ತುವಾಗ ಮೊಣಕಾಲು ಕಿರುಗುಟ್ಟುತ್ತಿದ್ದದ್ದು ನಿಂತಿದೆ. ಸೊಂಟ 94ರಿಂದ 86. ತೂಕ ಇಳಿದದ್ದು ಬರೀ 3 ಕೆಜಿ.

"ಭಾರ ಎತ್ತಿದರೆ ಗಂಡಸರ ಹಾಗೆ ಆಗುತ್ತೀರಿ" ಅಂತ ನೆರೆಮನೆಯವರು ಹೆದರಿಸಿದ್ದರು. ಒಂದೂವರೆ ವರ್ಷ ಕಾದೆ, ಏನೂ ಆಗಲಿಲ್ಲ ಮಾರಾಯ್ರೇ.

ಮಡಿಕೇರಿಫಿಸಿಯೋ · ಜುಲೈ 9, ಸಂಜೆ 5:50

ಆಂಟಿ, ಆಗುವುದೂ ಇಲ್ಲ. ಅಷ್ಟು ಖಂಡ ಬೆಳೆಯಲು ಬೇಕಾದ ಟೆಸ್ಟೋಸ್ಟಿರಾನ್ ಹೆಂಗಸರಲ್ಲಿ ತುಂಬಾ ಕಡಿಮೆ. 30 ದಾಟಿದ ಮೇಲೆ ಸುಮ್ನೆ ಇದ್ದರೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಖಂಡ ಕಳೆದುಹೋಗುತ್ತದೆ. ನಿಮ್ಮ ವಯಸ್ಸಿನವರು ಎತ್ತುವುದು ಇನ್ನೂ ಜಾಸ್ತಿ ಮುಖ್ಯ. ಮೂಳೆಗೂ ಒಳ್ಳೆಯದು.

ಕಟ್ಮಸಲ್ · ಜುಲೈ 10, ರಾತ್ರಿ 11:30

ಗುರುಗಳೇ ಇಷ್ಟೆಲ್ಲ ಯಾಕೆ? ನನ್ನ ಹತ್ತಿರ ಫ್ಯಾಟ್ ಬರ್ನರ್ ಕ್ಯಾಪ್ಸೂಲ್ ಇದೆ. 30 ದಿನದಲ್ಲಿ 8 ಕೆಜಿ ಗ್ಯಾರಂಟಿ. ಹೊಟ್ಟೆಗೆ ಕಟ್ಟಿಕೊಳ್ಳುವ ಬೆವರಿನ ಬೆಲ್ಟ್ ಫ್ರೀ. ಬೇಕಾದವರು ಮೆಸೇಜ್ ಮಾಡಿ.

ಹಳೇಫೌಜಿ · ಜುಲೈ 11, ಬೆಳಗ್ಗೆ 5:32

ತಮ್ಮಾ, ಆ ಬೆಲ್ಟ್ ಎಮ್ಮೆಗೆ ಕಟ್ಟಿ ನೋಡು. ಮೊದಲು ಎಮ್ಮೆಯ ಫೋಟೋ ಹಾಕು.

ಮಡಿಕೇರಿಫಿಸಿಯೋ · ಜುಲೈ 11, ಬೆಳಗ್ಗೆ 9:00

ಹೊಟ್ಟೆಯ ಮೇಲೆ ಬಿಗಿದು ಹೊಟ್ಟೆಯ ಕೊಬ್ಬನ್ನೇ ಕರಗಿಸಲು ಆಗುವುದಿಲ್ಲ. 200 ಸಲ ಹೊಟ್ಟೆಯ ಕಸರತ್ತು ಮಾಡಿದರೂ ಅಷ್ಟೇ, ಒಳಗಿನ ಖಂಡ ಗಟ್ಟಿಯಾಗುತ್ತದೆ, ಮೇಲಿನ ಹೊದಿಕೆ ಹಾಗೇ ಇರುತ್ತದೆ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕು ಅಂತ ದೇಹವೇ ತೀರ್ಮಾನಿಸುತ್ತದೆ. ಕ್ಯಾಪ್ಸೂಲಿನ ಒಳಗೆ ಏನಿದೆ ಅಂತ ತಿಳಿಯದೆ ದಯವಿಟ್ಟು ಯಾರೂ ನುಂಗಬೇಡಿ.

ನಾಪೋಕ್ಲುಮಳೆ · ಜುಲೈ 14, ಸಂಜೆ 7:15

ನಮ್ಮ ಕಡೆ ಕರೆಂಟ್ ಹೋಗಿ 3 ದಿನ. ಹೊಳೆ ತುಂಬಿದರೆ ರಸ್ತೆಯೂ ಇಲ್ಲ, ಜಿಮ್ ಎಲ್ಲಿಂದ? ಅಂಗಳಕ್ಕೆ ಇಳಿದರೆ ಜಿಗಣೆ. ಮನೆಯೊಳಗೆ ಏನು ಎತ್ತಬಹುದು, ಫೌಜಿ ಅಣ್ಣ?

ಹಳೇಫೌಜಿ · ಜುಲೈ 15, ಬೆಳಗ್ಗೆ 5:28

ಮನೆಯಲ್ಲಿರುವುದನ್ನೇ ಎತ್ತು. 20 ಲೀಟರ್ ನೀರಿನ ಕ್ಯಾನ್ ತುಂಬಿದರೆ 20 ಕೆಜಿ, ತೂಗುವುದೇ ಬೇಡ. ಹಿಡಿ ಇರುವ ಎರಡು ಪೇಂಟ್ ಡಬ್ಬದಲ್ಲಿ ಜಲ್ಲಿ ತುಂಬಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆ, ಬೆನ್ನು ನೆಟ್ಟಗೆ. ಗೋಣಿಚೀಲದೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಮರಳು. ಬಾಯಿ ಬಿಗಿಯಾಗಿ ಕಟ್ಟು. ಮಳೆಗಾಲದಲ್ಲಿ ಮರಳು ಒದ್ದೆಯಾದರೆ ಭಾರ ಏರುತ್ತದೆ, ಅದನ್ನು ನಿನ್ನ ಶಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ಮೂಟೆ ಎತ್ತುವುದನ್ನು ರೈಟರ್ ಅಣ್ಣ ಹೇಳಿದ ಹಳಬರಿಂದ ಕಲಿ. ಅವರು ಸೊಂಟ ಬಗ್ಗಿಸಿ ದೂರದಿಂದ ಎಳೆಯುವುದಿಲ್ಲ. ಮೂಟೆಗೆ ತಾಗಿ ನಿಲ್ಲುತ್ತಾರೆ. ಹಿಂಭಾಗವನ್ನು ಹಿಂದಕ್ಕೆ ತಳ್ಳುತ್ತಾರೆ, ಬಾಗಿಲನ್ನು ಹಿಂದಿನಿಂದ ದೂಡಿ ಮುಚ್ಚುವ ಹಾಗೆ. ಬೆನ್ನು ಹಲಗೆ. ಮೂಟೆ ತೊಡೆಗೆ ಒರಸಿಕೊಂಡೇ ಮೇಲೆ ಬರುತ್ತದೆ. ಮೊದಲು ಖಾಲಿ ಚೀಲದಲ್ಲಿ ಅಭ್ಯಾಸ ಮಾಡು, ನಗುವವರು ನಗಲಿ.

ಮತ್ತೆ ಗೋಡೆಗೆ ಕೈ ಊರಿ ದಂಡ, ಆಮೇಲೆ ಮೆಟ್ಟಿಲಿಗೆ, ಆಮೇಲೆ ನೆಲಕ್ಕೆ. ಒಂದೊಂದು 8ರಿಂದ 12 ಸಲ, 3 ಸುತ್ತು, ವಾರಕ್ಕೆ 3 ದಿನ. ಇನ್ನೆರಡು ಎತ್ತಬಹುದಿತ್ತು ಅನಿಸುವಾಗಲೇ ನಿಲ್ಲಿಸು. 12 ಸಲೀಸಾದರೆ ಒಂದು ಸೇರು ಮರಳು ಜಾಸ್ತಿ ಹಾಕು.

ಸೋಮವಾರಪೇಟೆಸೊಸೆ · ಜುಲೈ 16, ಬೆಳಗ್ಗೆ 10:20

ಪ್ರೋಟೀನ್ ಬಗ್ಗೆ ಯಾರಾದರೂ ಹೇಳಿ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವ ಹಾಗಿಲ್ಲ.

ಮಡಿಕೇರಿಫಿಸಿಯೋ · ಜುಲೈ 16, ಮಧ್ಯಾಹ್ನ 3:00

ತಲುಪಬೇಕಾದ ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಅಂತ ಇಟ್ಟುಕೊಳ್ಳಿ. ನಿಮ್ಮ ಗುರಿ 60 ಕೆಜಿಯಾದರೆ 96 ಗ್ರಾಂ. ಒಂದೇ ದಿನ ಅಲ್ಲಿಗೆ ಹಾರಬೇಡಿ. 50 ಗ್ರಾಂ ಒಣ ಸೋಯಾದಲ್ಲಿ ಸುಮಾರು 26 ಗ್ರಾಂ ಇದೆ. 100 ಗ್ರಾಂ ಪನೀರಿನಲ್ಲಿ 18ರ ಹತ್ತಿರ, ಆದರೆ ಕೊಬ್ಬೂ ಇದೆ. 100 ಗ್ರಾಂ ಒಣ ಹೆಸರುಕಾಳಿನಲ್ಲಿ 24. ಸಾರಿನ ತಿಳಿಯನ್ನಷ್ಟೇ ಬಡಿಸಿಕೊಂಡು "ಬೇಳೆ ತಿಂದೆ" ಅನ್ನಬೇಡಿ, ತಳದ ಗಟ್ಟಿ ಹಾಕಿಕೊಳ್ಳಿ. ಮಾಂಸ ತಿನ್ನುವವರಿಗೆ ಸುಲಭ: ಮೊಟ್ಟೆಗೆ 6 ಗ್ರಾಂ, ಬೇಯಿಸಿದ ಕೋಳಿಯ ಎದೆಭಾಗ 100 ಗ್ರಾಂಗೆ 30ರ ಹತ್ತಿರ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ತೋಟದಮನೆ · ಆಗಸ್ಟ್ 4, ರಾತ್ರಿ 9:10

ಎಲ್ಲ ಸರಿ, ನಮ್ಮ ಮಳೆಗಾಲದ ಕಕ್ಕಡ ತಿಂಗಳಲ್ಲಿ ಯಾರಾದರೂ ಡಯಟ್ ಮಾಡುತ್ತಾರಾ? ನಿನ್ನೆ ಕಕ್ಕಡದ ಹದಿನೆಂಟನೇ ದಿನ, ಹಬ್ಬ. ಅವ್ವ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ನೇರಳೆ ಬಣ್ಣದ್ದು, ತುಪ್ಪ ಜೇನು ಸುರಿದು. ಅದರ ಹಿಂದೆ ನಾಟಿ ಕೋಳಿ, ಎಳೆ ಬಿದಿರಿನ ಕಣಿಲೆ. ಬೇಡ ಅಂದರೆ ಅವ್ವ ಬೇಜಾರು ಮಾಡಿಕೊಳ್ಳುತ್ತಾರೆ. ತಿಂದೆ. ಇವತ್ತು ಬೆಳಗ್ಗೆ 87.

ವಿರಾಜಪೇಟೆಆಂಟಿ · ಆಗಸ್ಟ್ 4, ರಾತ್ರಿ 9:45

ತಿನ್ನಿ ಮಗಾ, ಕಕ್ಕಡದ ಹದಿನೆಂಟು ಬರುವುದು ವರ್ಷಕ್ಕೆ ಒಂದೇ ಸಲ. ಒಂದೇ ರಾತ್ರಿಯಲ್ಲಿ ಒಂದು ಕೆಜಿ ಕೊಬ್ಬು ಕೂರುವುದಿಲ್ಲ, ಅದು ಉಪ್ಪು, ನೀರು, ಇನ್ನೂ ಹೊಟ್ಟೆಯಲ್ಲಿರುವ ಊಟ. ಕೈಲ್ ಪೊಳ್ದ್ ಹಬ್ಬ, ಹುತ್ತರಿ ಹಬ್ಬ, ನಾಲ್ಕು ಮದುವೆ ಎಲ್ಲ ಸೇರಿಸಿದರೂ ವರ್ಷಕ್ಕೆ 15 ದಿನ. ಉಳಿದ 350 ದಿನ ಏನು ತಿನ್ನುತ್ತೀರಿ ನೋಡಿ. ಪಂದಿ ಕರಿಯಲ್ಲಿ ಗಟ್ಟಿ ಮಾಂಸದ ತುಂಡು ಆರಿಸಿಕೊಳ್ಳಿ, ಕೊಬ್ಬಿನದನ್ನು ಭಾವನ ತಟ್ಟೆಗೆ ಹಾಕಿ.

ತೋಟದಮನೆ · ಸೆಪ್ಟೆಂಬರ್ 7, ರಾತ್ರಿ 8:20

ಕೈಲ್ ಪೊಳ್ದ್ ಮುಗಿಯಿತು. ಅಕ್ಕಿಯ ಉಂಡೆ ಕಡಂಬುಟ್ಟು ಮೂರಕ್ಕೆ ನಿಲ್ಲಿಸಿದೆ, ಪೆಗ್ ಎರಡಕ್ಕೆ. ಕೊಬ್ಬಿನ ತುಂಡು ಭಾವನ ತಟ್ಟೆಗೆ. ಭಾವ ಏನೂ ಹೇಳಲಿಲ್ಲ, ತಿಂದರು. ಸೊಂಟ 95. ತೂಕ 84.

ಒಂದು ಬೇಜಾರಿನ ಸುದ್ದಿ. ಆಗಸ್ಟ್ ಕೊನೆಗೆ ಎರಡು ವಾರ ಜ್ವರ, ಏನೂ ಎತ್ತಲಿಲ್ಲ. ವಾಪಸ್ ಹೋದ ದಿನ ಜಂಬದಲ್ಲಿ ಹಳೇ ಭಾರವೇ ಹಾಕಿದೆ, ನಾಲ್ಕನೇ ಸಲಕ್ಕೆ ಕೈ ನಡುಗಿತು. ಬುಡದಿಂದ ಶುರುವಾ?

ಹಳೇಫೌಜಿ · ಸೆಪ್ಟೆಂಬರ್ 8, ಬೆಳಗ್ಗೆ 5:31

ಬುಡದಿಂದ ಅಲ್ಲ. ಅರ್ಧದಷ್ಟು ಭಾರದಿಂದ. ಎರಡು ವಾರದಲ್ಲಿ ಹಳೇ ಜಾಗಕ್ಕೆ ಬರುತ್ತೀರಿ. ಖಂಡಕ್ಕೆ ನೆನಪಿರುತ್ತದೆ.

ಏಲಕ್ಕಿಮಲೆ · ಅಕ್ಟೋಬರ್ 20, ರಾತ್ರಿ 9:50

ಓಡಿದರೇ ಕರಗುವುದು ಅಂತ ವಾದ ಮಾಡಿದವನು ನಾನೇ. ಇಲ್ಲಿನ ಮಾತು ಓದಿ, ಹುಡುಕಿ ನೋಡಿದ ಮೇಲೆ ಒಂದು ಅರ್ಥವಾಯಿತು. ಎರಡನ್ನೂ ಮಾಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥದ್ದು, ಅದರ ಮೇಲೆ ಕನಿಷ್ಠ 2 ದಿನ ಖಂಡ ಗಟ್ಟಿಮಾಡುವ ಕೆಲಸ. ನಾನು ಮೊದಲನೆಯದನ್ನು ಮಾಡುತ್ತಿದ್ದೆ, ಎರಡನೆಯದನ್ನು ನೋಡಿ ನಗುತ್ತಿದ್ದೆ. ನಿನ್ನೆ ಏಲಕ್ಕಿ ಸ್ಟೋರಿನಲ್ಲಿ ಒಂದು ಮರಳಿನ ಚೀಲ ಕಟ್ಟಿಟ್ಟೆ. ಹೆಂಡತಿ ನಗುತ್ತಿದ್ದಾಳೆ.

ತೋಟದಮನೆ · ಡಿಸೆಂಬರ್ 18, ಸಂಜೆ 7:30

ಹುತ್ತರಿ ಕಳೆಯಿತು, ಅರೇಬಿಕಾ ಕೊಯ್ಲು ನಡೆಯುತ್ತಿದೆ. ತೂಕ 81, ಸೊಂಟ 91. ಬೆಲ್ಟಿನ ತೂತು ಮುಗಿದು, ಮೊಳೆ ಕಾಯಿಸಿ ಹೊಸ ತೂತು ಮಾಡಿದೆ. ಮೊನ್ನೆ ಮದುವೆಗೆ ನಿಲುವಂಗಿ ಕುಪ್ಯ ಹಾಕಿ ಸೊಂಟಕ್ಕೆ ಚೇಲೆ ಸುತ್ತುವಾಗ ಅವ್ವ "ಇದೇನು, ಚೇಲೆ ಉದ್ದ ಆಗಿದೆ" ಅಂದರು. "ಹುಷಾರಿಲ್ವಾ" ಅಂತ ಮಾತ್ರ ಈ ಸಲ ಯಾರೂ ಕೇಳಲಿಲ್ಲ.

ಇವತ್ತು ಸಂಜೆ ಹಣ್ಣು ತೂಗಿ ಮುಗಿದ ಮೇಲೆ ತಕ್ಕಡಿ ಖಾಲಿ ಇತ್ತು. ಪಕ್ಕದಲ್ಲಿ 50 ಕೆಜಿಯ ಮೂಟೆ. ಫೌಜಿ ಅಣ್ಣ ಹೇಳಿದ ಹಾಗೆ ತಾಗಿ ನಿಂತೆ, ಹಿಂಭಾಗ ಹಿಂದಕ್ಕೆ, ಬೆನ್ನು ಹಲಗೆ. ಎತ್ತಿದೆ. ಎತ್ತಿಕೊಂಡೇ ತಕ್ಕಡಿಯ ಮೇಲೆ ಹತ್ತಿ ನಿಂತೆ. 131 ತೋರಿಸಿತು. ಕೊಯ್ಯುವ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ನಮ್ಮ ರೈಟರ್ ಪುಸ್ತಕದಿಂದ ತಲೆಯನ್ನೂ ಎತ್ತದೆ ಕೇಳಿದರು:

"131. ಯಾರ ಹೆಸರಿಗೆ ಬರೆಯಲಿ?"